ಬಿಡುವು ಯಾರ ಸೊತ್ತು?

ಕನ್ನಡ ಶಾಲೆಯ ಶಿಕ್ಷಕರಾದ ನಮ್ಮಲ್ಲಿ ‘ಬಿಡುವಿನ ವೇಳೆಯ ಸದುಪಯೋಗ’ ಎಂಬ ವಿಷಯವನ್ನು ಒಮ್ಮೆಯಾದರೂ ಮಕ್ಕಳಿಗೆ ಬರೆಯಲು ಕೊಡದವರು ಯಾರಿದ್ದಾರೆ? ರಜೆ ಮುಗಿದು ಶಾಲೆ ತೆರೆದ ಮೊದಲನೆಯ ವಾರದಲ್ಲಿ, ಮಕ್ಕಳಿಗಷ್ಟೇ ಅಲ್ಲ ನಮಗೂ ಪಾಠದಲ್ಲಿ ಇನ್ನೂ ಮನಸ್ಸು ನಿಲ್ಲದಿರುವಾಗ, ಹಲಗೆಯ ಮೇಲೆ ಬರೆದು ಕುರ್ಚಿಯಲ್ಲಿ ಕುಳಿತುಬಿಡಲು ಇದರಷ್ಟು ಅನುಕೂಲವಾದ ವಿಷಯ ಮತ್ತೊಂದಿಲ್ಲ. 2018ರ ದೀಪಾವಳಿಯ ರಜೆ ಮುಗಿದ ಮೇಲೆ ನಾನೂ ಹಾಗೆಯೇ ಮಾಡಿದೆನು. ಆರನೆಯ ತರಗತಿಗೆ ಈ ವಿಷಯವನ್ನು ಕೊಟ್ಟು, ಇಪ್ಪತ್ತು ಸಾಲು ಬರೆಯಿರೆಂದು ಹೇಳಿದೆನು.

ಮಕ್ಕಳು ಬರೆದರು. ಬಹುತೇಕ ಎಲ್ಲ ವಹಿಗಳಲ್ಲಿಯೂ ಒಂದೇ ಮಾತು: ಒಳ್ಳೆಯ ಪುಸ್ತಕಗಳನ್ನು ಓದಿದೆ, ಚಿತ್ರ ಬರೆದೆ, ಹೂದೋಟಕ್ಕೆ ನೀರು ಹಾಕಿದೆ, ತಂದೆತಾಯಿಗಳಿಗೆ ನೆರವಾದೆ. ನಮ್ಮ ದತ್ತವಾಡದಲ್ಲಿ ಎಷ್ಟು ಮನೆಗಳಿಗೆ ಹೂದೋಟವಿದೆಯೆಂಬುದನ್ನು ನಾನು ಬಲ್ಲೆನು. ಇದು ದೂಧಗಂಗೆಯ ದಂಡೆಯ ಕಬ್ಬಿನ ಸೀಮೆ. ಅಂಗಳದಲ್ಲಿ ತುಳಸಿ, ಅದರಾಚೆ ಎಮ್ಮೆಯ ಗೂಟ, ಅದರಾಚೆ ಕಣ್ಣು ಹಾಯುವವರೆಗೆ ಕಬ್ಬು. ಹೂದೋಟವೆಂಬುದು ನಮ್ಮ ಮಕ್ಕಳ ಪಾಲಿಗೆ ಕೇವಲ ಪ್ರಬಂಧದಲ್ಲಿ ಬೆಳೆಯುವ ತೋಟ. ಒಬ್ಬ ಹುಡುಗ ಮಾತ್ರ ಪ್ರಾಮಾಣಿಕನಾಗಿ, ‘ನಾನು ಮೊಬಾಯಿಲ್ ನೋಡಿದೆ, ಅದರ ಚಾರ್ಜು ಮುಗಿದ ಮೇಲೆ ಮಲಗಿದೆ’ ಎಂದು ಬರೆದಿದ್ದನು. ಅವನಿಗೆ ತಿಳಿಹೇಳಿ ಮುಂದಿನ ವಹಿಯನ್ನು ತೆಗೆದುಕೊಂಡೆನು. ಅದು ಒಬ್ಬ ಹುಡುಗಿಯದು. ಅದರಲ್ಲಿ ಒಂದೇ ಸಾಲಿತ್ತು: ‘ಈ ರಜೆಯಲ್ಲಿ ನನಗೆ ಬಿಡುವು ಇರಲಿಲ್ಲ.’

ನಾನು ಕೆಂಪು ಶಾಯಿಯಲ್ಲಿ, ‘ವಿಷಯಕ್ಕೆ ಸಂಬಂಧವಿಲ್ಲ, ಪುನಃ ಬರೆ’ ಎಂದು ಬರೆದು ವಹಿಯನ್ನು ತಿರುಗಿ ಕೊಟ್ಟೆನು. ಆಕೆ ಎದುರಾಡಲಿಲ್ಲ. ಮರುದಿನ ಮುದ್ದಾದ ಅಕ್ಷರಗಳಲ್ಲಿ ಇಪ್ಪತ್ತು ಸಾಲು ಬರೆದು ತಂದಳು. ಅದರಲ್ಲಿ ಪುಸ್ತಕವಿತ್ತು, ಚಿತ್ರವಿತ್ತು, ಹೂದೋಟವೂ ಇತ್ತು. ತೋಟದಲ್ಲಿ ಗುಲಾಬಿಯೂ ಅರಳಿತ್ತು. ಹತ್ತಕ್ಕೆ ಎಂಟು ಅಂಕ ಕೊಟ್ಟು ‘ಉತ್ತಮ’ ಎಂದು ಬರೆದೆನು.

ಆಕೆಯ ತಂದೆತಾಯಿಗಳು ಆ ದಿನಗಳಲ್ಲಿ ನಸುಕಿನಲ್ಲಿಯೇ ಕಬ್ಬು ಕಡಿಯಲು ಹೋಗುತ್ತಿದ್ದರು. ದೀಪಾವಳಿಯ ರಜೆಯೂ ಕಬ್ಬಿನ ಹಂಗಾಮೂ ನಮ್ಮ ಕಡೆಗೆ ಕೂಡಿಯೇ ಬರುತ್ತವೆ. ತೊಡೆಯ ಮೇಲೆ ತಮ್ಮನನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುವದು, ನೀರು ತುಂಬುವದು, ಎಮ್ಮೆಗೆ ಮೇವು ಹಾಕುವದು, ಹೊಲಕ್ಕೆ ಬುತ್ತಿ ಒಯ್ಯುವದು, ಇವೆಲ್ಲ ಹನ್ನೊಂದು ವರ್ಷದ ಆ ಹುಡುಗಿಯ ಪಾಲಿನ ರಜೆಯಾಗಿದ್ದವು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುವದು. ಗೊತ್ತಿತ್ತು, ಆದರೆ ಅದಕ್ಕೂ ಆ ಪ್ರಬಂಧಕ್ಕೂ ನಾನು ಸಂಬಂಧ ಕಲ್ಪಿಸಲಿಲ್ಲ. ನಿಜವನ್ನು ಬರೆದ ದಿನ ಆಕೆಗೆ ಸೊನ್ನೆ ಸಿಕ್ಕಿತು. ಸುಳ್ಳನ್ನು ಬರೆದ ದಿನ ಎಂಟು ಅಂಕ ಸಿಕ್ಕವು. ಸತ್ಯವನ್ನೇ ನುಡಿಯಬೇಕೆಂದು ಪ್ರಾರ್ಥನೆಯ ವೇಳೆಗೆ ನಿತ್ಯವೂ ಹೇಳಿಸುವವನು ನಾನೇ.

ಈ ತಪ್ಪು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಮುಂದೆ, ನಾನೇ ಮನೆಯಲ್ಲಿ ಕಟ್ಟುಬಿದ್ದು ಕುಳಿತಾಗ.

ಅದನ್ನು ಹೇಳುವ ಮೊದಲು ಮಾತಿನ ವಿಷಯವಾಗಿ ಒಂದೆರಡು ಮಾತು. ನಮ್ಮ ಭಾಷೆಯಲ್ಲಿ ಈ ಹೊತ್ತಿಗೆ ‘ಬಿಡುವು’ ಎಂಬ ಹೆಸರಿದೆ. ಏನನ್ನೋ ಬಿಟ್ಟಾಗ ದೊರೆಯುವದು ಬಿಡುವು. ಹಾಗಾದರೆ ನಾವು ಬಿಟ್ಟ ಕೆಲಸವು ಎಲ್ಲಿಗೆ ಹೋಗುತ್ತದೆ? ಕೆಲವು ಕೆಲಸಗಳು ಬಿಟ್ಟಲ್ಲಿಯೇ ಇದ್ದು ನಾಳೆ ನಮಗಾಗಿ ಕಾಯುತ್ತವೆ. ಹಲಕೆಲವು ಕಾಯುವಂಥವಲ್ಲ, ಒಲೆ ಉರಿಯಲೇ ಬೇಕು, ಕೂಸು ಅತ್ತರೆ ಎತ್ತಿಕೊಳ್ಳಲೇ ಬೇಕು. ಅಂಥ ಕೆಲಸವನ್ನು ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ. ಇನ್ನು ‘ಹೊತ್ತು ಕಳೆಯುವದು’ ಎಂಬ ಮಾತನ್ನು ನೋಡಿರಿ. ಗಣಿತದಲ್ಲಿ ಕಳೆಯುವ ಲೆಕ್ಕ ಕಲಿಸುವಾಗ ನಾವು ಮಕ್ಕಳಿಗೆ, ಕಳೆದುದು ಎಷ್ಟು, ಉಳಿದುದು ಎಷ್ಟು ಎಂದು ಕೇಳುತ್ತೇವೆ. ಹೊತ್ತನ್ನು ಕಳೆದವನಿಗೆ ಮಾತ್ರ ಉಳಿದುದು ಎಷ್ಟೆಂದು ಯಾರೂ ಕೇಳುವದಿಲ್ಲ. ಇಂಗ್ಲಿಷಿನ ‘ಸ್ಕೂಲ್’ ಎಂಬ ಶಬ್ದದ ಬೇರು ಬಿಡುವೆಂಬ ಅರ್ಥದ ಒಂದು ಗ್ರೀಕ ಶಬ್ದದಲ್ಲಿದೆಯೆಂದು ನಾನು ತರಬೇತಿಯ ಕಾಲದಲ್ಲಿ ಓದಿ ಬಹಳ ಸಂತೋಷಪಟ್ಟಿದ್ದೆನು. ಬಿಡುವಿದ್ದವರು ಕಲಿಯಲು ಕೂಡುತ್ತಿದ್ದರು, ಕಲಿಯುವ ಸ್ಥಳಕ್ಕೇ ಆ ಹೆಸರು ಬಂದಿತು. ಆ ಗ್ರೀಕರ ಮನೆಯ ಕೆಲಸವನ್ನು ಗುಲಾಮರು ಮಾಡುತ್ತಿದ್ದರೆಂಬುದನ್ನು ಮಾತ್ರ ಆ ಸಂತೋಷದಲ್ಲಿ ಮರೆತಿದ್ದೆನು.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಪಂಚಗಂಗೆ, ದೂಧಗಂಗೆಗಳೆಲ್ಲ ಒಮ್ಮೆಲೆ ಉಕ್ಕಿ ನಮ್ಮ ಶಿರೋಳ ತಾಲೂಕು ನೀರಿನಲ್ಲಿ ನಿಂತುದನ್ನು ಈ ಭಾಗದ ವಾಚಕರು ಮರೆತಿರಲಾರರು. ಆಗಲೂ ಶಾಲೆ ಇರಲಿಲ್ಲ, ಹೊರಗೆ ಹೋಗುವ ದಾರಿಯಿರಲಿಲ್ಲ. ಆದರೆ ಆ ದಿನಗಳಲ್ಲಿ ಯಾರೊಬ್ಬರಿಗೂ ಬೇಸರವಾದುದನ್ನು ನಾನು ಕಾಣಲಿಲ್ಲ. ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದೇ ರಾತ್ರಿ ಹಗಲಿನ ಚಿಂತೆ. ಭಯವಿದ್ದಲ್ಲಿ ಬೇಸರ ಸುಳಿಯುವದಿಲ್ಲ, ಹಸಿವಿದ್ದಲ್ಲಿಯೂ ಹಾಗೆಯೇ. ಬೇಸರವು ಉಂಡುಟ್ಟವರ ಮನೆಯ ಅತಿಥಿ. ಮುಂದೆ ಏಳು ತಿಂಗಳಿಗೆ, 2020ರ ಮಾರ್ಚ್ 25ರಿಂದ ಸರಕಾರವು ದೇಶಕ್ಕೆಲ್ಲ ಬೀಗ ಹಾಕಿದಾಗ, ಆ ಅತಿಥಿಯು ನನ್ನ ಮನೆಗೆ ಬಂದು ಕುಳಿತನು. ರೋಗದ ಅಂಜಿಕೆ ಇರಲಿಲ್ಲವೆಂದಲ್ಲ. ಆದರೆ ನಮ್ಮ ಓಣಿಗೆ ಅದು ಇನ್ನೂ ಬಂದಿರಲಿಲ್ಲ. ಕಾಳು ಮನೆಯಲ್ಲಿತ್ತು, ತಿಂಗಳ ಪಗಾರ ಬರುತ್ತಿತ್ತು. ದುಡಿದರೆ ಮಾತ್ರ ಉಣ್ಣುವವರ ಸ್ಥಿತಿ ಬೇರೆ. ಅವರಿಗೆ ಬೇಸರಪಡಲು ಎಲ್ಲಿಯ ಪುರಸತ್ತು?

ಮೊದಲ ವಾರ ನಿದ್ರೆಯಲ್ಲಿ ಹೋಯಿತು. ಎರಡನೆಯ ವಾರ ನಾನು ಪಡಸಾಲೆಯಲ್ಲಿ ಮಲಗಿ ಜಂತಿಗಳನ್ನೆಣಿಸಿದೆನು. ಅವು ಹತ್ತೊಂಬತ್ತು. ಮರುದಿನ ಎಣಿಸಿದಾಗಲೂ ಹತ್ತೊಂಬತ್ತೇ ಇದ್ದವು. ಮೊಬಾಯಿಲಿನಲ್ಲಿ ಬಂದ ವಾರ್ತೆಗಳನ್ನು, ಅವು ನಿಜವೋ ಸುಳ್ಳೋ ನೋಡದೆ, ಹತ್ತು ಜನರಿಗೆ ಅಟ್ಟಿದೆನು. ಊಟಕ್ಕೆ ಮೊದಲು ಚಹ, ಊಟದ ಮೇಲೆ ಚಹ. ‘ಹೊತ್ತು ಹೋಗವಲ್ದು’ ಎಂದು ದಿನಕ್ಕೆ ಎಂಟು ಸಲ ಹೇಳುತ್ತಿದ್ದೆನು. ಮನೆಯಲ್ಲಿ ನಾವು ನಾಲ್ವರು: ನನ್ನ ತಾಯಿ, ನನ್ನ ಹೆಂಡತಿ, ಆರು ವರ್ಷದ ಮಗಳು ಮತ್ತು ನಾನು. ಈ ಮಾತನ್ನು ಮಗಳು ನನ್ನಿಂದ ಕಲಿತಳು. ಉಳಿದ ಇಬ್ಬರ ಬಾಯಲ್ಲಿ ಅದು ಒಮ್ಮೆಯೂ ಬರಲಿಲ್ಲ. ಅವರ ಹೊತ್ತು ಮೊದಲಿಗಿಂತ ಬೇಗ ಹೋಗುತ್ತಿತ್ತು. ಏಕೆಂದರೆ ನಾನು ದಿನವೆಲ್ಲ ಮನೆಯಲ್ಲಿದ್ದೆನು.

ಇಂಥ ಸಮಯದಲ್ಲಿ ಉಪದೇಶಕ್ಕೆ ಬರವಿಲ್ಲ. ಬಿಡುವನ್ನು ಹೇಗೆ ಉಪಯೋಗಿಸಬೇಕೆಂಬುದಕ್ಕೆ ನಾವು ಶಿಕ್ಷಕರು ತಪ್ಪದೆ ಕೊಡುವ ಉದಾಹರಣೆಯೊಂದಿದೆ, ಲೋಕಮಾನ್ಯ ಟಿಳಕರದು. 1908ರಿಂದ 1914ರವರೆಗೆ ಅವರು ಮಂಡಾಲೆಯ ಸೆರೆಯಲ್ಲಿದ್ದರು. 1910-11ರ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ ಅಲ್ಲಿ ‘ಗೀತಾರಹಸ್ಯ’ವನ್ನು ಸೀಸದಕಡ್ಡಿಯಿಂದ ಬರೆದರು. ಮಾದರಿ ಉಜ್ವಲವಾದುದೇ ಸರಿ. ನಾನೂ ಉತ್ಸಾಹಗೊಂಡು ಪೆಟ್ಟಿಗೆಯಿಂದ ನಾಲ್ಕು ದಪ್ಪ ಪುಸ್ತಕಗಳನ್ನು ಹೊರತೆಗೆದೆನು. ಅವುಗಳಲ್ಲೊಂದರ ಹದಿನಾರನೆಯ ಪುಟದಲ್ಲಿ ಗುರುತಿಗಾಗಿ ಇಟ್ಟ ಕಾಗದ ಇನ್ನೂ ಹದಿನಾರರಲ್ಲಿಯೇ ಇದೆ. ಆದರೆ ಆ ಪ್ರಸಂಗದ ಇನ್ನೊಂದು ಮಗ್ಗುಲು ನನಗೆ ಅನಂತರ ತಿಳಿಯಿತು. ಮಂಡಾಲೆಯಲ್ಲಿ ಟಿಳಕರಿಗೆ ಅಡಿಗೆ ಮಾಡಿ ಹಾಕಲು ಇನ್ನೊಬ್ಬ ಕೈದಿಯನ್ನು ಕೊಟ್ಟಿದ್ದರು. ಸೆರೆಮನೆಯಲ್ಲಿ ಕೂಡ ಒಂದು ಮಹಾಗ್ರಂಥ ಹುಟ್ಟಬೇಕಾದರೆ ಮತ್ತೊಬ್ಬನು ಒಲೆಯ ಮುಂದೆ ಕೂಡಬೇಕಾಯಿತು. ಇದರಿಂದ ಗ್ರಂಥದ ಬೆಲೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆ ಒಲೆಯನ್ನು ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲವೆಂಬುದೇ ನನ್ನ ಕೊರಗು.

ಓದು ಕೈಗೂಡದಿದ್ದಾಗ, ಸುಮ್ಮನೆ ಕೂಡುವದನ್ನಾದರೂ ಕಲಿಯೋಣವೆಂದುಕೊಂಡೆನು. ನಮ್ಮ ತಾಲೂಕಿನಲ್ಲಿ ಜೈನರ ಮನೆಗಳು ಬಹಳ. ಆ ಮನೆಗಳ ಹಿರಿಯರು ‘ಸಾಮಾಯಿಕ’ಕ್ಕೆ ಕೂಡುವದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸಾಮಾನ್ಯವಾಗಿ ಎರಡು ಘಳಿಗೆ, ಎಂದರೆ 48 ನಿಮಿಷ. ಅಷ್ಟು ಹೊತ್ತು ಕೊಡುವ ಕೊಳ್ಳುವ ಮಾತಿಲ್ಲ, ಸಿಟ್ಟಿಲ್ಲ, ಆಸೆಯಿಲ್ಲ. ಎಲ್ಲ ಜೀವಗಳ ವಿಷಯದಲ್ಲಿ ಸಮಭಾವವಿಟ್ಟು ಕೂಡುವದು. ಇದು ಸಂನ್ಯಾಸಿಗಳಿಗೆ ಮಾತ್ರ ಹೇಳಿದುದಲ್ಲ. ಸಂಸಾರದಲ್ಲಿರುವ ಶ್ರಾವಕನಿಗೂ ಹೇಳಿದ ವ್ರತ. ನಾನು ಗಡಿಯಾರ ನೋಡಿಕೊಂಡು ಕುಳಿತೆನು. ನಾಲ್ಕನೆಯ ನಿಮಿಷಕ್ಕೆ ಕಾಲು ಜುಮ್ಮೆಂದಿತು, ಏಳನೆಯದಕ್ಕೆ ಕೈ ತಾನಾಗಿಯೇ ಮೊಬಾಯಿಲಿನ ಕಡೆಗೆ ಹೋಯಿತು.

ನಾನೊಬ್ಬನೇ ಹೀಗೆ ದುರ್ಬಲನೆಂದು ಭಾವಿಸಬೇಡಿರಿ. ಅಮೇರಿಕೆಯ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನರನ್ನು ಬರಿಯ ಕೋಣೆಯೊಂದರಲ್ಲಿ ಒಬ್ಬೊಬ್ಬರನ್ನಾಗಿ, ತಮ್ಮ ವಿಚಾರಗಳೊಡನೆ ಹದಿನೈದು ನಿಮಿಷ ಕೂಡಿಸಿದರು. ಬೇಕೆನಿಸಿದರೆ ಒತ್ತಲು ಒಂದು ಗುಂಡಿಯಿತ್ತು. ಒತ್ತಿದರೆ ಮೈಗೆ ವಿದ್ಯುತ್ತಿನ ಹೊಡೆತ ತಗಲುತ್ತಿತ್ತು. ಆ ಹೊಡೆತವನ್ನು ಅವರು ಮೊದಲೇ ಅನುಭವಿಸಿ, ಹಣ ಕೊಟ್ಟಾದರೂ ಅದನ್ನು ತಪ್ಪಿಸಿಕೊಂಡೇವು ಎಂದು ಹೇಳಿದವರೇ. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಕನಿಷ್ಠ ಒಮ್ಮೆ ಆ ಗುಂಡಿಯನ್ನು ಒತ್ತಿದರು. ಹದಿನೈದು ನಿಮಿಷ ಸುಮ್ಮನೆ ಕೂಡುವದಕ್ಕಿಂತ ನೋವೇ ಮೇಲೆನಿಸಿತು. ನಮ್ಮ ನೆರೆಮನೆಯ ಹಿರಿಯರು ನಿತ್ಯವೂ 48 ನಿಮಿಷ ಕೂಡುವದನ್ನು ಆ ವಿದ್ವಾಂಸರು ನೋಡಿದ್ದರೆ ಏನೆನ್ನುತ್ತಿದ್ದರೋ!

ಬಿಡುವನ್ನು ಕುರಿತು ಜೈನ ಗೃಹಸ್ಥಧರ್ಮದಲ್ಲಿ ಮತ್ತೊಂದು ಸೂಕ್ಷ್ಮ ವಿಚಾರವಿದೆ. ‘ಅನರ್ಥದಂಡ’ವೆಂದು ಅದಕ್ಕೆ ಹೆಸರು. ಯಾವ ಪ್ರಯೋಜನವೂ ಇಲ್ಲದೆ ಮಾಡುವ ಕೇಡು ಎಂದು ಅರ್ಥ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದರ ಐದು ಬಗೆಗಳನ್ನು ಹೇಳಿದೆ. ಪಾಪದ ಕೆಲಸಕ್ಕೆ ಸಲಹೆ ಕೊಡುವದು, ಕೊಲ್ಲುವ ಸಲಕರಣೆಗಳನ್ನು ಕೊಡುವದು, ಪರರ ಕೇಡನ್ನು ಮನಸ್ಸಿನಲ್ಲಿಯೇ ನೆನೆಯುತ್ತ ಕೂಡುವದು, ಮನಸ್ಸನ್ನು ಕೆಡಿಸುವ ಕಥೆಗಳನ್ನು ಕೇಳುವದು, ಮತ್ತು ಕಾರಣವಿಲ್ಲದೆ ನೆಲ ಕೆದರುವದು, ನೀರು ಚೆಲ್ಲುವದು, ಗಿಡದ ಎಲೆ ಹರಿಯುವದು. ಹೊತ್ತು ಹೋಗದೆ ಕುಳಿತ ಮನುಷ್ಯನನ್ನು ಹತ್ತಿರದಿಂದ ನೋಡಿದವರಲ್ಲದೆ ಮತ್ತಾರೂ ಇದನ್ನು ಬರೆಯಲಾರರು. ನಾನು ಹತ್ತು ಜನರಿಗೆ ಅಟ್ಟಿದ ಸುಳ್ಳು ವಾರ್ತೆಗಳು ಈ ಐದರಲ್ಲಿ ಯಾವುದಕ್ಕೆ ಸೇರುತ್ತವೆಂದು ಹುಡುಕಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಇಲ್ಲಿ ಗಮನಿಸಬೇಕಾದುದು, ಸುಮ್ಮನಿರುವದನ್ನು ಈ ಶಾಸ್ತ್ರವು ದೋಷವೆನ್ನಲಿಲ್ಲ. ಸುಮ್ಮನಿರಲಾರದೆ ಮಾಡುವ ಕೇಡನ್ನು ದೋಷವೆಂದಿತು.

ನಮ್ಮ ಕನ್ನಡ ನಾಡಿನ ಶರಣರು ಕಾಯಕವನ್ನು ಎತ್ತಿ ಹಿಡಿದವರು. ಅವರ ದೃಷ್ಟಿಯಲ್ಲಿ ದುಡಿಯದೆ ಉಣ್ಣುವದು ತರವಲ್ಲ. ಇದನ್ನು ನೆನೆದಾಗ, ಬಿಡುವನ್ನು ಬೇಡುವದೇ ತಪ್ಪೇನೋ ಎಂದು ಅಳುಕಾಗುತ್ತದೆ. ಆದರೆ ದುಡಿಮೆಯ ಸ್ತುತಿಯನ್ನು ದುಡಿಯುವವರು ಮಾಡಿದರೆ ಒಂದು ಅರ್ಥ, ದುಡಿಸಿಕೊಳ್ಳುವವರು ಮಾಡಿದರೆ ಬೇರೆಯೇ ಅರ್ಥ. ಬರ್ಟ್ರಂಡ್ ರಸೆಲ್ಲರು 1932ರಲ್ಲಿ ಆಲಸ್ಯವನ್ನು ಹೊಗಳಿ ಪ್ರಬಂಧ ಬರೆದಾಗ ಮುಖ್ಯವಾಗಿ ಇದನ್ನೇ ವಾದಿಸಿದರು: ಕೆಲವರು ಅತಿಯಾಗಿ ದುಡಿದು ಕೆಲವರು ಬರಿದೆ ಕೂಡುವದಕ್ಕಿಂತ, ಎಲ್ಲರೂ ಸ್ವಲ್ಪ ದುಡಿದು ಎಲ್ಲರೂ ಬಿಡುವು ಪಡೆಯಬಾರದೇಕೆ ಎಂದು. ಅವರು ಹೇಳಿದುದು ಹೆಚ್ಚಾಗಿ ಕಾರಖಾನೆಗಳ ವಿಷಯ. ನನ್ನ ಪ್ರಶ್ನೆ ಒಂದು ಪಡಸಾಲೆಗೂ ಒಂದು ಅಡಿಗೆಮನೆಗೂ ಸಂಬಂಧಿಸಿದುದು.

ಲೆಕ್ಕವನ್ನೇ ನೋಡುವದಾದರೆ, ಕೇಂದ್ರ ಸರಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರ ಜನವರಿಯಿಂದ ಡಿಸೆಂಬರದ ವರೆಗೆ, ಆರು ವರ್ಷಕ್ಕೆ ಮೇಲ್ಪಟ್ಟ ಜನರು ದಿನದ ಹೊತ್ತನ್ನು ಹೇಗೆ ವಿನಿಯೋಗಿಸುತ್ತಾರೆಂದು ದೇಶದಲ್ಲೆಲ್ಲ ಕೇಳಿ ಬರೆದುಕೊಂಡಿತು. ಕೂಲಿಯಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ನೂರಕ್ಕೆ 81ಕ್ಕಿಂತ ಹೆಚ್ಚು, ಗಂಡಸರು ನೂರಕ್ಕೆ ಸುಮಾರು 26. ಮಾಡುವವರಲ್ಲಿಯೂ ಹೆಂಗಸರ ಪಾಲು ದಿನಕ್ಕೆ 299 ನಿಮಿಷ, ಗಂಡಸರ ಪಾಲು 97 ನಿಮಿಷ. ಈ ಅಂಕಿಗಳನ್ನು ನಾನು ಏಳನೆಯ ತರಗತಿಗೆ ಕಳೆಯುವ ಲೆಕ್ಕವಾಗಿ ಕೊಟ್ಟೆನು. 202 ನಿಮಿಷವೆಂದರೆ ಎಷ್ಟು ತಾಸು, ಎಷ್ಟು ನಿಮಿಷ? ಮೂರು ತಾಸು, 22 ನಿಮಿಷ. ಹುಡುಗರು ಬೇಗ ಬಿಡಿಸಿದರು. ಹುಡುಗಿಯರಲ್ಲಿ ಒಬ್ಬಳು, ‘ಇಷ್ಟs ಏನ್ರಿ, ಸರ್?’ ಎಂದಳು.

ಮತ್ತೆ ಆ ಬೀಗದ ದಿನಗಳಿಗೆ ಬರುತ್ತೇನೆ. ಜಂತಿ ಎಣಿಸಿ, ಸಾಮಾಯಿಕದಲ್ಲಿ ಸೋತು, ಕೊನೆಗೆ ನಾನು ಸೀಮೆಸುಣ್ಣದಿಂದ ಪಡಸಾಲೆಯ ನೆಲದ ಮೇಲೆ ಚೌಕಾಬಾರದ ಮನೆ ಬರೆದೆನು. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಮಗ್ಗುಲಿನ ನಡುಮನೆಗಳಿಗೂ ಮಧ್ಯದ ಮನೆಗೂ ಕಾಟು. ಕವಡೆ ಇರಲಿಲ್ಲ. ತಾಯಿ ಹುಣಸೆಯ ಬೀಜಗಳನ್ನು ಕಲ್ಲಿಗೆ ತೇದು ಒಂದು ಮಗ್ಗುಲು ಬೆಳ್ಳಗೆ ಮಾಡಿ ಕೊಟ್ಟಳು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಪ್ರತಿಯೊಬ್ಬನೂ ತನ್ನ ಮಗ್ಗುಲಿನಿಂದ ಹೊರಟು, ಹೊರಸುತ್ತು ಸುತ್ತಿ, ಒಳಸುತ್ತಿಗೆ ತಿರುಗಿ, ನಡುಮನೆಗೆ ಕಾಯಿ ಹಣ್ಣು ಮಾಡಬೇಕು. ಆರು ವರ್ಷದ ಕೂಸಿಗೆ ಕೂಡಿಸುವ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ಯಾವ ತರಬೇತಿಯಲ್ಲಿಯೂ ನಾನು ಕಾಣಲಿಲ್ಲ. ಇಷ್ಟು ಬಿದ್ದರೆ ಎದುರಿನ ಕಾಯಿಯನ್ನು ಹೊಡೆಯಬಹುದು ಎಂದಾಗ, ಬೆರಳು ಮಡಿಚದೆ ಲೆಕ್ಕ ಹಾಕುತ್ತಿದ್ದಳು.

ಆಟಕ್ಕೆ ನಾನು ಕುಳಿತೆ, ಮಗಳು ಕುಳಿತಳು, ತಾಯಿಯೂ ಸೊಂಟ ಹಿಡಿದುಕೊಂಡು ಬಂದು ಕುಳಿತಳು. ನಾಲ್ಕನೆಯ ಮಗ್ಗುಲು ಬರಿದಾಗಿತ್ತು. ಮೂವರು ಆಡಲು ಬಾರದೆಂದೇನಿಲ್ಲ. ಆದರೆ ಬರಿದಾದ ಆ ಮಗ್ಗುಲಿನಲ್ಲಿ ಮಗಳು ನಾಲ್ಕು ಬಳೆಚೂರುಗಳನ್ನು ಇಟ್ಟು, ‘ಇವು ಅವ್ವನವು’ ಎಂದಳು. ಅಡಿಗೆಮನೆಯ ಕಡೆಗೆ ಮುಖಮಾಡಿ, ‘ಅವ್ವಾ, ನಿನ್ನ ಸರತಿ ಬಂತು’ ಎಂದು ಕೂಗಿದಳು. ಒಳಗಿನಿಂದ, ‘ನೀನs ಒಗಿ, ನನ್ನ ಕೈ ಹಿಟ್ಟಾಗೈತಿ’ ಎಂದು ಉತ್ತರ ಬಂದಿತು. ಮುಂದಿನ ಸರತಿಗೆ ಭಾಂಡಿ, ಅದರ ಮುಂದಿನದಕ್ಕೆ ಅರಿವೆ. ಹೀಗೆ ಎಂಟು ಹತ್ತು ಸಲ ಆದ ಮೇಲೆ ಮಗಳು ನನ್ನ ಮುಖ ನೋಡಿ, ‘ಅಪ್ಪಾ, ಅವ್ವಗ ಯಾಕ ಬ್ಯಾಸರಾಗೂದಿಲ್ಲ?’ ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನೆನಪಿಲ್ಲ. ಉತ್ತರ ಕೊಟ್ಟೆನೋ ಇಲ್ಲವೋ ಅದೂ ನೆನಪಿಲ್ಲ. ಆರನೆಯ ತರಗತಿಯ ಆ ವಹಿ, ಅದರೊಳಗಿನ ಒಂದು ಸಾಲು, ಅದರ ಕೆಳಗಿನ ನನ್ನ ಕೆಂಪು ಅಕ್ಷರಗಳು ಮಾತ್ರ ಕಣ್ಣ ಮುಂದೆ ಬಂದವು.

ಅಂದು ಸಂಜೆ ಭಾಂಡಿ ತಿಕ್ಕಲು ಕುಳಿತೆನು. ತಾಯಿಗೆ ಇದು ಸೇರಲಿಲ್ಲ. ‘ಮಾಸ್ತರ ಆದವ ಮುಸುರಿ ತಿಕ್ಕೂದಂದ್ರ?’ ಎಂದು ಮುಖ ತಿರುವಿಕೊಂಡಳು. ತಳ ಹಿಡಿದ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಕರಿ ಹೋಗಲಿಲ್ಲ, ಹೆಂಡತಿ ಮತ್ತೊಮ್ಮೆ ತಿಕ್ಕಿದಳು. ಎಂದರೆ ಮೊದಲ ದಿನ ನನ್ನಿಂದ ಆಕೆಯ ಕೆಲಸ ಕಡಿಮೆಯಾಗದೆ ಹೆಚ್ಚಾಯಿತು. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹದಿನೈದು ದಿನಗಳಲ್ಲಿ ಕೆಲಸ ಕೈಗೆ ಬಂದು, ಮಧ್ಯಾಹ್ನ ಆಕೆಗೆ ಒಂದು ತಾಸಿನ ಬಿಡುವಾದಾಗ, ಆಕೆ ಬಂದು ಆಟಕ್ಕೆ ಕೂಡಲಿಲ್ಲ. ಮೊರ ತೆಗೆದುಕೊಂಡು, ಮೊದಲೇ ಆರಿಸಿಟ್ಟ ಅಕ್ಕಿಯನ್ನು ಮತ್ತೆ ಆರಿಸತೊಡಗಿದಳು. ‘ಸುಮ್ಮ ಕುಂತ್ರ ಏನೋ ಕಳಕೊಂಡಂಗ ಆಗತೈತ್ರಿ’ ಎಂದಳು. ಬಿಡುವಿಲ್ಲದೆ ಬೆಳೆದವರಿಗೆ ಬಿಡುವು ಕೂಡ ಹೊಸ ಅರಿವೆಯಂತೆ ಮೈಗೆ ಒರಟಾಗುತ್ತದೆ. ನಾಲ್ಕಾರು ದಿನಗಳಾದ ಮೇಲೆ ತಾನಾಗಿಯೇ ಬಂದು ನಾಲ್ಕನೆಯ ಮಗ್ಗುಲಿಗೆ ಕುಳಿತಳು. ಕುಳಿತ ದಿನವೇ ನಮ್ಮ ಮೂವರ ಕಾಯಿಗಳನ್ನೂ ಹೊಡೆದು ಎಲ್ಲರಿಗಿಂತ ಮೊದಲು ಹಣ್ಣು ಮಾಡಿದಳು. ತವರಿನಲ್ಲಿ ಆಕೆಯನ್ನು ಚೌಕಾಬಾರದಲ್ಲಿ ಸೋಲಿಸುವವರೇ ಇರಲಿಲ್ಲವಂತೆ. ಮದುವೆಯಾಗಿ ಎಂಟು ವರ್ಷಗಳಾಗಿದ್ದವು. ನನಗೆ ಅದು ಗೊತ್ತಿರಲಿಲ್ಲ.

ಮನೆಯಲ್ಲಿ ಬೇಸರ ಕಳೆಯಲು ಸುಲಭವಾದ ಉಪಾಯಗಳಾವವು ಎಂದು ಈಗ ಯಾರಾದರೂ ವಿದ್ಯಾರ್ಥಿಗಳು ಕೇಳಿದರೆ, ನಾನು ಮೊದಲು, ಮನೆಯಲ್ಲಿ ಯಾರ ಕೈ ಸುಮ್ಮನಿಲ್ಲವೆಂದು ನೋಡಿರಿ ಎನ್ನುತ್ತೇನೆ. ಉಪಾಯಗಳು ಅಲ್ಲಿಯೇ ಇವೆ. ನಮ್ಮ ಮನೆಯ ಕೌದಿಯ ಸಂಗತಿಯನ್ನೇ ಹೇಳಬಹುದು. ನಮ್ಮ ಮರಾಠಿ ನೆರೆಹೊರೆಯವರು ಇದನ್ನು ವಾಕಳ ಎನ್ನುತ್ತಾರೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲು ಹೊಲಿಗೆ ಹಾಕುತ್ತ ಹೋಗುವದು. ತಾಯಿಗೆ ಈಗ ಕಣ್ಣು ಮಂಜು; ಹೊಲಿಯಬಲ್ಲಳು, ಸೂಜಿಗೆ ದಾರ ಪೋಣಿಸಲಾರಳು. ದಾರ ಪೋಣಿಸುವ ಕೆಲಸ ಮೊಮ್ಮಗಳದಾಯಿತು. ಹತ್ತು ಸೂಜಿಗಳಿಗೆ ದಾರ ಹಾಕಿಡುವದು, ಅವು ಮುಗಿಯುವವರೆಗೆ ಕಾಯುವದು. ಕಾಯುವಾಗ ಸುಮ್ಮನೆ ಹೇಗೆ ಕೂಡುವದು? ‘ಆಯಿ, ಇದು ಯಾರ ಸೀರಿ?’ ‘ಇದು ನಿಮ್ಮಪ್ಪ ಹುಟ್ಟಿದಾಗ ನನ್ನ ತವರವರು ಉಡಿಸಿದ್ದು.’ ‘ಇದು?’ ‘ಇದು ನಿಮ್ಮ ಮುತ್ತ್ಯಾನ ಪಟಕಾದ ತುಂಡು.’ ನಮ್ಮ ಮನೆತನದ ಇತಿಹಾಸವನ್ನು ನಾನು ಆ ಕೌದಿಯಿಂದ, ಪಕ್ಕದಲ್ಲಿ ಭಾಂಡಿ ಒರೆಸುತ್ತ, ಕೇಳಿ ತಿಳಿದೆನು. ಮಗಳಿಗೆ ಕಾಯುವ ಹೊತ್ತೇ ಎಲ್ಲಕ್ಕಿಂತ ಇಷ್ಟವಾದ ಹೊತ್ತಾಯಿತು.

ಕೇಳುವದೂ ಬಿಡುವಿನ ಒಂದು ದೊಡ್ಡ ಉಪಯೋಗವೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಸಾಕ್ಷಿಯಿದೆ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಆ ಗೆಳೆಯರ ಗುಂಪಿನ ಸಿಂಪಿ ಲಿಂಗಣ್ಣನವರು ನಮ್ಮಂತೆಯೇ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ಆ ಹಾಡುಗಳನ್ನು ಕಟ್ಟಿದವರಿಗೆ ಬಿಡುವಿರಲಿಲ್ಲ. ನಸುಕಿನ ನಿದ್ದೆಯನ್ನು ಬಿಟ್ಟು ಬೀಸುತ್ತ ಹಾಡಿದರು. ಬಿಡುವಿದ್ದವರು ಕುಳಿತು ಕೇಳಿದರು, ಬರೆದುಕೊಂಡರು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹಾಡುಗಳೂ ಹೋದವೆಂದು ಕೆಲವರು ಹಳಹಳಿಸುತ್ತಾರೆ. ನಾನು ಅವರ ಜೊತೆಗೆ ಕಣ್ಣೀರು ಹಾಕಲಾರೆ. ಹೆಣ್ಣುಮಕ್ಕಳ ರಟ್ಟೆಗೆ ಅಷ್ಟಾದರೂ ಬಿಡುಗಡೆಯಾಯಿತು. ಉಳಿದ ತಾಸಿನಲ್ಲಿ ಅವರು ಹಾಡಲಿ, ಬಿಡಲಿ, ಜಂತಿಯನ್ನೇ ಎಣಿಸಲಿ. ಅದು ಅವರ ಹೊತ್ತು.

ನನ್ನ ಸಹೋದ್ಯೋಗಿಯೊಬ್ಬರು ಈ ಮಾತನ್ನು ಒಪ್ಪುವದಿಲ್ಲ. ‘ಮನೆಗೆಲಸವೂ ಶಿಕ್ಷಣವೇ ಅಲ್ಲವೇ? ಗಾಂಧೀಜಿಯವರ ಮೂಲಶಿಕ್ಷಣದಲ್ಲಿ ಕೈಗೆಲಸಕ್ಕೆ ಮೊದಲ ಸ್ಥಾನವಿಲ್ಲವೇ? ಹುಡುಗಿಯರು ಬೇಸರಪಡುವದನ್ನು ನೀವು ಬಯಸುತ್ತೀರಾ?’ ಎಂದು ಕೇಳುತ್ತಾರೆ. ಹೌದು, ಬಯಸುತ್ತೇನೆ. ಕೈಗೆಲಸ ಶಿಕ್ಷಣವಾಗುವದು, ಅದನ್ನು ಮುಗಿಸಿ ಕೆಳಗಿಡಲು ಅವಕಾಶವಿದ್ದಾಗ. ಮುಗಿಯದ ಕೆಲಸ ಯಾರಿಗೂ ಏನನ್ನೂ ಕಲಿಸಲಾರದು. ರಸೆಲ್ಲರು 1930ರ ಮತ್ತೊಂದು ಪುಸ್ತಕದಲ್ಲಿ, ಮಕ್ಕಳು ಬೇಸರವನ್ನು ಸಹಿಸಲು ಕಲಿಯಬೇಕು, ಅವರಿಗೆ ಎಡೆಬಿಡದೆ ಮನರಂಜನೆ ಒದಗಿಸುವದು ತರವಲ್ಲ ಎಂಬ ಅಭಿಪ್ರಾಯವನ್ನು ಹೇಳಿದ್ದಾರೆ. ನಾನು ಅದನ್ನು ಓದಿ ಒಪ್ಪಿದೆನು. ಆದರೆ ನಮ್ಮ ಕೆಲವು ಮಕ್ಕಳಿಗೆ ಸಹಿಸಲಾದರೂ ಬೇಸರವೆಂಬುದು ಮೊದಲು ಸಿಗಬೇಕಲ್ಲ!

ಈಗಲೂ ದೀಪಾವಳಿಯ ರಜೆ ಮುಗಿದ ಮೇಲೆ ಪ್ರಬಂಧ ಬರೆಯಿಸುತ್ತೇನೆ. ವಿಷಯವನ್ನು ಮಾತ್ರ ಬದಲಾಯಿಸಿದ್ದೇನೆ: ‘ರಜೆಯ ಒಂದು ದಿನ ನಮ್ಮ ಮನೆಯಲ್ಲಿ ಯಾರು ಯಾವಾಗ ಕುಳಿತರು?’ ಸಾಲುಗಳ ಲೆಕ್ಕವಿಲ್ಲ. ಹೂದೋಟಗಳು ಬಹುಮಟ್ಟಿಗೆ ಒಣಗಿಹೋಗಿವೆ. ಒಬ್ಬ ಹುಡುಗ, ‘ಅಜ್ಜ ಬೆಳಿಗ್ಗೆಯಿಂದ ಕುಳಿತಿದ್ದ, ಅಪ್ಪ ಸಂಜೆ ಕುಳಿತ, ನಾನು ನಡುನಡುವೆ ಕುಳಿತೆ, ಅವ್ವ ಕುಳಿತದ್ದನ್ನು ನೋಡಬೇಕೆಂದು ಎಚ್ಚರವಿದ್ದೆ, ನಿದ್ದೆ ಬಂತು’ ಎಂದು ಬರೆದಿದ್ದನು. ಇಂಥ ಪ್ರಬಂಧಗಳಿಗೆ ಹತ್ತಕ್ಕೆ ಎಷ್ಟು ಕೊಡಬೇಕೆಂಬುದು ನನಗಿನ್ನೂ ತಿಳಿದಿಲ್ಲ.

2023ರ ಬೇಸಿಗೆಯಲ್ಲಿ ಊರ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಕಂಡಳು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದಳು. ಕೈಯಲ್ಲಿ ಸಂತೆಯ ಚೀಲವಿತ್ತು. ನಮಸ್ಕಾರ ಮಾಡಿದಳು. ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಮಾತನ್ನು ಹೇಳಿಬಿಟ್ಟೆನು: ಆರನೆಯ ತರಗತಿಯಲ್ಲಿ ನೀನು ಒಂದೇ ಸಾಲಿನ ಪ್ರಬಂಧ ಬರೆದಿದ್ದೆ, ಅದಕ್ಕೆ ಹತ್ತಕ್ಕೆ ಹತ್ತು ಕೊಡಬೇಕಾಗಿತ್ತು, ನಾನು ತಪ್ಪು ಮಾಡಿದೆ ಎಂದು. ಆಕೆ ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಲು ಯತ್ನಿಸಿ ನಕ್ಕಳು.

‘ನನಗ ನೆನಪs ಇಲ್ರಿ, ಸರ್. ಎಂಟು ಮಾರ್ಕ್ಸ್ ಕೊಟ್ಟಿದ್ರಿ, ಅದು ನೆನಪೈತಿ.’

ರಜೆಯಲ್ಲಿ ಏನು ಮಾಡುತ್ತೀ ಎಂದು ಕೇಳಬೇಕೆಂದಿದ್ದೆನು. ಅಷ್ಟರಲ್ಲಿ ಆಕೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ‘ಬರ್ತೇನ್ರಿ ಸರ್, ಎಮ್ಮಿ ಹಿಂಡೂ ಹೊತ್ತಾತು’ ಎಂದು ಹೇಳಿ ಹೊರಟುಹೋದಳು.